ಗೆರೆಗೆ ತಾಳೆಯಾದ ಊರು

ಸಿದ್ಧನಗರದ ಟೋಲ್ ರಸ್ತೆಗೆ ಮೊದಲ ಕಂಬ ಏಳುವುದಕ್ಕೆ ಎಷ್ಟೋ ಮುಂಚೆಯೇ ಆ ರಸ್ತೆಯ ಮೇಲೆ ಯಾವ ವರ್ಷ ಎಷ್ಟು ಜನ ಓಡಾಡುತ್ತಾರೆ ಎಂಬುದು ತೀರ್ಮಾನವಾಗಿ ಹೋಗಿತ್ತು. ತೀರ್ಮಾನ ಮಾಡಿದವಳು ನೀಲಗಂಗಾ. ನಗರ ಸಂಚಾರ ಮಂಡಳಿಯಲ್ಲಿ ಅವಳ ಕೆಲಸವೇ ಅದು. ಊರಿನ ದಾರಿಗಳಲ್ಲಿ ಜನರನ್ನು ನಿಲ್ಲಿಸಿ, ಎಲ್ಲಿಂದ ಹೊರಟಿರಿ, ಎಲ್ಲಿಗೆ ಹೊರಟಿರಿ, ಯಾತಕ್ಕೆ ಹೊರಟಿರಿ ಎಂದು ಕೇಳಿಸುವುದು, ಕೇಳಿದ್ದನ್ನೆಲ್ಲ 'ತಾಳೆ' ಎಂಬ ಗಣಕಯಂತ್ರಕ್ಕೆ ಉಣಿಸುವುದು, ಅದು ಮುಂದಿನ ಮೂವತ್ತು ವರ್ಷಗಳ ಓಡಾಟವನ್ನು ಒಂದು ಗೆರೆಯಾಗಿ ಬರೆದುಕೊಟ್ಟಾಗ ಆ ಗೆರೆಯನ್ನು ಸಾಹೇಬರ ಮುಂದೆ ಹಿಡಿಯುವುದು. ಹೇಳಿಕೊಳ್ಳುವುದಕ್ಕೆ ಭವಿಷ್ಯ ನುಡಿಯುವ ಕೆಲಸ, ಆದರೆ ಗಿಳಿಶಾಸ್ತ್ರದವನಿಗೆ ಸಿಗುವ ಮರ್ಯಾದೆಯೂ ಅದಕ್ಕಿರಲಿಲ್ಲ.

ಮುಖ್ಯ ಯೋಜಕ ಹೆಬಸೂರ ಸಾಹೇಬರು ಗೆರೆಯನ್ನು ನೋಡಿ ಮೂಗು ಮುರಿದರು.

"ಇದೇನ್ರೀ, ಮಲಗೇ ಬಿಟ್ಟೈತಿ ನಿಮ್ಮ ಗೆರಿ? ಇದನ್ನ ತೋರ್ಸಿದ್ರ ಸಾಲ ಕೊಡಾವ್ರು ಚಾ ಕುಡದು ಎದ್ದು ಹೋಗ್ತಾರ."

"ಜನ ಹೇಳಿದ್ದ ಅಷ್ಟ ಸರ್. ಹತ್ತೀಪ್ಯಾಟ್ಯಾಗ ಯಾರೂ ಓಣಿ ದಾಟಂಗಿಲ್ಲ. ಗಿರಣಿ, ಶಾಲಿ, ದವಾಖಾನಿ ಎಲ್ಲಾ ನಡಕೊಂತ ಹೋಗೂವಷ್ಟ ದೂರದಾಗ ಅದಾವು."

"ರಸ್ತೆ ಆದ ಮ್ಯಾಲ ದಾಟ್ತಾರ ತಗೋರಿ. ಒಂಚೂರು ಎತ್ರಿ ಮ್ಯಾಲ."

ನೀಲಗಂಗಾ ಎತ್ತಿದಳು. ಆ ವೃತ್ತಿಯಲ್ಲಿ ಎಲ್ಲರೂ ಎತ್ತುತ್ತಾರೆ. ರಸ್ತೆ ತೆರೆದು, ಜನ ಕಡಿಮೆ ಬಂದು, ಮರುವರ್ಷ ಯಾರೋ ಒಬ್ಬರು ಸದ್ದಿಲ್ಲದೆ ಗೆರೆಯನ್ನು ಇಳಿಸಿ ವರದಿ ಬರೆದು ಕೈತೊಳೆದುಕೊಳ್ಳುತ್ತಾರೆ. ಇದೂ ಹಾಗೇ ಆಗುತ್ತದೆ ಎಂದುಕೊಂಡಿದ್ದಳು. ಆದರೆ ಈ ಸಲ ಸಾಲ ಕೊಡುವವರು ಬೇರೆ ಊರುಗಳಲ್ಲಿ ಕೈ ಸುಟ್ಟುಕೊಂಡು ಬಂದವರು. ಗೆರೆಗೆ ಬೀಗ ಹಾಕಬೇಕು ಎಂದರು. ಮೂವತ್ತು ವರ್ಷ ಅದನ್ನು ಯಾರೂ ಮುಟ್ಟಬಾರದು, ಮುಟ್ಟಬೇಕಾದರೆ ಸಾಲ ಕೊಟ್ಟ ಅಷ್ಟೂ ಬ್ಯಾಂಕುಗಳು ಒಟ್ಟಿಗೆ ಒಪ್ಪಬೇಕು. ಟೋಲ್ ಗಾಡಿಗಲ್ಲ, ತಲೆಗೆ. ಗೆರೆಗಿಂತ ತಲೆಗಳು ಕಡಿಮೆ ಬಿದ್ದರೆ ನಷ್ಟವನ್ನು ಊರು ತುಂಬಿಕೊಡಬೇಕು. ಸಾಹೇಬರು ಸಹಿ ಮಾಡಿದರು, ಪೇಡೆ ಹಂಚಿದರು. ನೀಲಗಂಗಾ ಎರಡು ಪೇಡೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ತಂದಳು.

ಮನೆ ಇದ್ದದ್ದು ಊರಿನ ಮೂಡಲ ತುದಿಯ ಹತ್ತೀಪೇಟೆಯಲ್ಲಿ. ಅಕ್ಕ ಚಂಪಕ್ಕ ಮತ್ತು ಅಕ್ಕನ ಮಗಳು ಬಿಲ್ವಾ ಅವಳೊಟ್ಟಿಗೇ ಇದ್ದರು. ಚಂಪಕ್ಕನ ಗಂಡ ತೀರಿಕೊಂಡ ಮೇಲೆ ಅಕ್ಕ ತಂಗಿ ಒಂದೇ ಮನೆ ಮಾಡಿದ್ದರು, ಅದು ಇಬ್ಬರಿಗೂ ಸುಖವಾಗಿಯೇ ಇತ್ತು. ಚಂಪಕ್ಕ ಖಣದ ಕುಬಸ ಹೊಲಿಯುತ್ತಿದ್ದಳು. ಅವಳ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಓಣಿಯ ಕೊನೆಗಿದ್ದ ವಾರ್ಡಿನ ದವಾಖಾನೆಗೆ ನಡೆದುಹೋಗಿ ರಕ್ತ ಶುದ್ಧಿ ಮಾಡುವ ಕುರ್ಚಿಯಲ್ಲಿ ಅರ್ಧ ದಿನ ಒರಗಿರುತ್ತಿದ್ದಳು. ಶಾಲೆ ಬಿಟ್ಟೊಡನೆ ಬಿಲ್ವಾ ಸೀದಾ ಅಲ್ಲಿಗೇ ಬಂದು, ಅವ್ವನ ಕಾಲ ಬಳಿ ಕೂತು, ಅವತ್ತು ಯಾರು ಯಾರಿಗೆ ಹೊಡೆದರು ಎಂಬ ವರದಿ ಒಪ್ಪಿಸುತ್ತಿದ್ದಳು. ಆಮೇಲೆ ತಾಯಿ ಮಗಳು ಹಿಟ್ಟಿನ ಗಿರಣಿ ನಡೆಸುವ ಮಕ್ತುಂಬಿಯ ಕಟ್ಟೆಯ ಮೇಲೆ ದಣಿವಾರಿಸಿಕೊಂಡು ಮನೆಗೆ ಬರುತ್ತಿದ್ದರು. ಚಂಪಕ್ಕ ಬದುಕಿದ್ದದ್ದು ಆ ಕುರ್ಚಿಯಿಂದ. ಅದು ಹತ್ತಿರವಿದ್ದದ್ದರಿಂದ ಬದುಕು ಬದುಕಿನಂತೆಯೇ ಇತ್ತು.

ಕಂಬಗಳು ಎದ್ದವು. ಹತ್ತೀಪೇಟೆಯ ತಲೆಯ ಮೇಲೆ ಹಾದು, ಊರಿನ ಎದೆಯ ಮೇಲೆ ಹಾದು, ಪಡುವಲ ತುದಿಯ ಗುಡ್ಡದಕೇರಿಯವರೆಗೆ ರಸ್ತೆ ಚಾಚಿಕೊಂಡಿತು. ಕಾಂಕ್ರೀಟಿನ ಧೂಳು ಮಕ್ತುಂಬಿಯ ಜೋಳದ ಹಿಟ್ಟಿನಲ್ಲಿ ಬೆರೆಯಿತು.

"ನಮ್ಮ ತಲಿ ಮ್ಯಾಲ ರಸ್ತೆ ಮಾಡ್ಯಾರ. ಖರೇ, ಆ ಗುಡ್ಡದಕೇರ್‍ಯಾಗ ನಮ್ದೇನ್ ಕೆಲಸ ಐತಿ ನೀಲವ್ವಾ?" ಎಂದು ಮಕ್ತುಂಬಿ ಕೇಳಿದಳು.

"ಈಗ ಇಲ್ಲ. ಮುಂದ ಆಗ್ತೈತಂತ ಬರ್ದೇವಿ."

"ನೀವು ಬರದ್ರ ಆಗಿಬಿಡ್ತೈತೇನ್?" ಎಂದು ಮಕ್ತುಂಬಿ ಬಿದ್ದು ಬಿದ್ದು ನಕ್ಕಳು. ನೀಲಗಂಗಾ ಕೂಡ ನಕ್ಕಳು.

ರಸ್ತೆ ಬ್ಯಾಂಡಿನೊಂದಿಗೆ ತೆರೆಯಿತು. ಮೊದಲ ವಾರ ಜನ ಮಕ್ಕಳನ್ನು ಕರೆದುಕೊಂಡು ಮೋಜಿಗೆ ಒಂದು ಸುತ್ತು ಹೋಗಿಬಂದರು. ಆಮೇಲೆ ಅದರ ಮೇಲೆ ಗಾಳಿ ಓಡಾಡಿತು. ಗುಡ್ಡದಕೇರಿಯ ನಿಯಂತ್ರಣ ಕೊಠಡಿಯಲ್ಲಿ, ಗೋಡೆಯಷ್ಟಗಲದ ಪರದೆಯ ಮೇಲೆ, ನೀಲಗಂಗಾ ಎಳೆದ ನೀಲಿ ಗೆರೆ ಮೇಲಕ್ಕೆ ಹೊರಟಿತ್ತು. ನಿಜವಾಗಿ ದಾಟಿದ ತಲೆಗಳ ಕೆಂಪು ಗೆರೆ ನೆಲ ಹಿಡಿದು ಮಲಗಿತ್ತು. ನಡುವಿನ ಅಂತರಕ್ಕೆ ಊರು ದಂಡ ತೆರಬೇಕು. ಸಾಹೇಬರು ಆ ಪರದೆಗೆ ಬೆನ್ನು ಹಾಕಿ ಕೂರುವುದನ್ನು ರೂಢಿ ಮಾಡಿಕೊಂಡರು.

ಮಂಡಳಿಯ ಸಭೆಯಲ್ಲಿ ಒಂದು ಠರಾವು ಬಂತು. ರಸ್ತೆಯ ಬಳಕೆ ಹೆಚ್ಚಬೇಕು, ಯಾವ ಸೇವೆ ಎಲ್ಲಿದ್ದರೆ ಬಳಕೆ ಹೆಚ್ಚೀತು ಎಂಬುದನ್ನು ಮನುಷ್ಯರು ಲೆಕ್ಕ ಹಾಕುತ್ತ ಕೂರುವುದು ಆಗದ ಮಾತು, ಆದ್ದರಿಂದ ಬಸ್ಸಿನ ವೇಳೆ, ಶಾಲೆಯ ಸೀಟು, ರೇಷನ್ ಅಂಗಡಿ, ದವಾಖಾನೆಯ ಕುರ್ಚಿ, ಮನೆ ಹಂಚಿಕೆ ಎಲ್ಲವನ್ನೂ ತಾಳೆಯ ಕೈಗೆ ಕೊಡುವುದು. ಚಹಾ ಬರುವಷ್ಟರಲ್ಲಿ ಕೈಗಳು ಎದ್ದವು. ನೀಲಗಂಗಾಳ ಕೈಯೂ ಎದ್ದಿತು. ಬಸ್ಸು ಸ್ವಲ್ಪ ಹೊಂದಿಕೊಂಡೀತು ಎಂದಷ್ಟೇ ಅವಳು ಭಾವಿಸಿದ್ದಳು.

ಮೊದಲು ಹತ್ತೀಪೇಟೆಯ ಬಸ್ಸು ನಿಂತಿತು. ಬೇಡಿಕೆ ಇಲ್ಲ ಎಂದು ಬೋರ್ಡು ಹಾಕಿದರು. ಆಮೇಲೆ ತರಕಾರಿ ಸಂತೆ ಗುಡ್ಡದಕೇರಿಗೆ ಹೋಯಿತು, ಗುಡ್ಡದಕೇರಿಯ ಗ್ಯಾಸ್ ಗೋದಾಮು ಹತ್ತೀಪೇಟೆಗೆ ಬಂತು. ಶಾಲೆಯ ಮಕ್ಕಳ ಪಟ್ಟಿಗಳು ಅದಲುಬದಲಾದವು. ಮೂಡಲ ತುದಿಯ ಮಕ್ಕಳು ಪಡುವಲಕ್ಕೆ, ಪಡುವಲದವರು ಮೂಡಲಕ್ಕೆ. ಜನ ಬೈದರು, ಮಂಡಳಿಯ ಬಾಗಿಲಿಗೆ ಬಂದು ಕೂಗಾಡಿದರು, ಒಂದು ದಿನ ಬಂದ್ ಮಾಡಿದರು, ಮರುದಿನ ಡಬ್ಬಿ ಕಟ್ಟಿಕೊಂಡು ರಸ್ತೆ ಹತ್ತಿದರು. ಮಗುವಿನ ಶಾಲೆಯನ್ನು ಬಿಡಿಸುವುದಕ್ಕಾಗುತ್ತದೆಯೇ? ಪ್ರತಿಯೊಂದು ಬದಲಾವಣೆಗೂ ಒಂದು ನೆಪವಿತ್ತು, ಪ್ರತಿಯೊಂದು ನೆಪವೂ ಸರಿಯಾಗಿಯೇ ಇತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಕುರ್ಚಿಗಳ ಸರದಿ ಬಂತು. ಹತ್ತೀಪೇಟೆಯ ರಕ್ತಶುದ್ಧಿ ಘಟಕವನ್ನು ಗುಡ್ಡದಕೇರಿಯ ದೊಡ್ಡ ಘಟಕದೊಂದಿಗೆ ಕೂಡಿಸಿದ್ದಾರೆ ಎಂದು ನರ್ಸಮ್ಮ ಕಣ್ಣೊರೆಸಿಕೊಂಡು ಹೇಳಿದಳು. ಚಂಪಕ್ಕ ವಾರಕ್ಕೆ ಮೂರು ಸಲ ರಸ್ತೆ ಹತ್ತಿದಳು. ಹೋಗುವಾಗ ಪರವಾಗಿರಲಿಲ್ಲ. ಬರುವಾಗ ರಕ್ತದೊತ್ತಡ ಕುಸಿದು, ಕಣ್ಣಿಗೆ ಕತ್ತಲೆ ಬಂದು, ಮೇಲುರಸ್ತೆಯ ನಡುವೆ ಗಾಡಿ ನಿಲ್ಲಿಸುವ ಹಾಗಿಲ್ಲದೆ, ಸೀಟಿನಲ್ಲೇ ವಾಲಿಬಿಡುತ್ತಿದ್ದಳು. ಒಂದು ಸಲ ನೀಲಗಂಗಾ ಪಕ್ಕದಲ್ಲೇ ಕೂತು ಅಕ್ಕನ ಕೆನ್ನೆ ತಟ್ಟುತ್ತ ಬಂದಳು. ಕೆನ್ನೆ ತಣ್ಣಗಿತ್ತು. ಅಕ್ಕ ಸತ್ತೇ ಹೋದಳೆಂದು ಅವಳು ಅತ್ತೇಬಿಟ್ಟಳು. ಮನೆ ಬಂದ ಮೇಲೆ ಚಂಪಕ್ಕ ಕಣ್ಣು ಬಿಟ್ಟು, "ಅಳಬ್ಯಾಡ, ಇನ್ನೂ ಆ ದೇಸಾಯರ ಮನಿ ಕುಬಸ ಮುಗಿಸೂದೈತಿ," ಎಂದಳು.

"ನಾವ ಅಲ್ಲಿಗೆ ಹೋಗಿಬಿಡೂಣಕ್ಕಾ," ಎಂದಳು ನೀಲಗಂಗಾ. "ಕುರ್ಚಿ ಎಲ್ಲೈತೋ ಅದರ ಬಾಜೂಕ ಮನಿ ಹಿಡದ್ರ ಆತು. ನನ್ನ ಆಫೀಸೂ ರಸ್ತೆ ಆದ ಮ್ಯಾಲ ಅಲ್ಲೇ ಹೋಗೇತಿ. ಬಿಲ್ವಾನ ಶಾಲೀನೂ ಈಗ ಅಲ್ಲೇ."

ಇಷ್ಟು ಸುಲಭದ ಉಪಾಯ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ಇಬ್ಬರೂ ಹಣೆ ಬಡಿದುಕೊಂಡರು. ಹೊಲಿಗೆ ಯಂತ್ರ, ಪಾತ್ರೆ, ಬಿಲ್ವಾಳ ಬೆಕ್ಕು ಎಲ್ಲವನ್ನೂ ಹೇರಿಕೊಂಡು ಗುಡ್ಡದಕೇರಿಯ ಒಂದು ನೆಲಮಹಡಿಯ ಮನೆಗೆ ಹೋದರು. ಘಟಕ ಕಿಟಕಿಯಿಂದ ಕಾಣಿಸುತ್ತಿತ್ತು. ಬಿಲ್ವಾ ಮತ್ತೆ ಶಾಲೆ ಬಿಟ್ಟೊಡನೆ ಸೀದಾ ಅವ್ವನ ಕಾಲ ಬಳಿಗೆ ಬರತೊಡಗಿದಳು. ಚಂಪಕ್ಕನ ಮುಖದಲ್ಲಿ ಬಣ್ಣ ಬಂತು. ಹಬ್ಬಕ್ಕೆ ಕರಿಗಡಬು ಮಾಡಿ ಹಂಚುವಷ್ಟು ಶಕ್ತಿಯೂ ಬಂತು.

ಹಬ್ಬದ ಮರುವಾರವೇ ಘಟಕದ ಬಾಗಿಲಿಗೆ ಪ್ರಕಟಣೆ ಅಂಟಿಸಿದರು. ಸಾರ್ವಜನಿಕರ ಅನುಕೂಲಕ್ಕಾಗಿ ರಕ್ತಶುದ್ಧಿ ಘಟಕವನ್ನು ಹತ್ತೀಪೇಟೆಗೆ ಮರಳಿಸಲಾಗುತ್ತಿದೆ.

ಚಂಪಕ್ಕ ಅದನ್ನು ಓದಿ ನಕ್ಕೇ ಬಿಟ್ಟಳು. "ಇದೇನ್ ನಮ್ಮ ಬೆನ್ನ ಹತ್ತೇತೇನ?" ನೀಲಗಂಗಾಳಿಗೆ ನಗು ಬರಲಿಲ್ಲ. ಅವಳು ಚಪ್ಪಲಿ ಮೆಟ್ಟಿಕೊಂಡು ಸೀದಾ ನಿಯಂತ್ರಣ ಕೊಠಡಿಗೆ ನಡೆದಳು.

ಕೊಠಡಿಯಲ್ಲಿ ಬೆಳಗಿನ ಬಿಸಿಲಿತ್ತು. ಕೆಂಪು ಗೆರೆ ಈಗ ನೆಲ ಬಿಟ್ಟು ಮುಕ್ಕಾಲು ದಾರಿ ಏರಿ ನೀಲಿ ಗೆರೆಯ ಹತ್ತಿರ ಬಂದಿತ್ತು. ನೀಲಗಂಗಾ ತನ್ನ ಕುರ್ಚಿಯಲ್ಲಿ ಕೂತು, ಘಟಕವನ್ನು ಸ್ಥಳಾಂತರಿಸುತ್ತಿರುವ ಕಾರಣವೇನು ಎಂದು ತಾಳೆಯನ್ನು ಕೇಳಿದಳು. ಅದು ಸುಳ್ಳು ಹೇಳುವ ಯಂತ್ರವಲ್ಲ. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅಷ್ಟೇ.

"ಘಟಕದ ರೋಗಿಗಳಲ್ಲಿ ಅನೇಕರು ಘಟಕದ ಸಮೀಪಕ್ಕೆ ವಾಸ ಬದಲಿಸಿದ್ದಾರೆ," ಎಂದಿತು ತಾಳೆ, ಆಕಾಶವಾಣಿಯ ವಾರ್ತೆಯ ದನಿಯಲ್ಲಿ. "ಇದರಿಂದ ರಸ್ತೆಯ ಮೇಲಿನ ತಲೆಗಳು ಕಡಿಮೆಯಾಗಿವೆ. ನಿಮ್ಮ ಮನೆಯೊಂದರಿಂದಲೇ ಮೂವರು ಇಳಿದಿದ್ದಾರೆ. ಘಟಕವನ್ನು ಎದುರು ತುದಿಗೆ ಒಯ್ದರೆ ಅಂತರ ಮತ್ತೆ ಕಡಿಮೆಯಾಗುತ್ತದೆ."

"ದವಾಖಾನೆಯನ್ನೇ ಯಾಕೆ ಒಯ್ಯಬೇಕು? ಸಿನಿಮಾ ಮಂದಿರ ಒಯ್ಯಿ, ಉದ್ಯಾನ ಒಯ್ಯಿ."

"ಒಯ್ದು ನೋಡಲಾಗಿದೆ. ದೂರವಾದರೆ ಜನರು ಸಿನಿಮಾ ಬಿಡುತ್ತಾರೆ. ರಕ್ತಶುದ್ಧಿಯನ್ನು ಬಿಡುವುದಿಲ್ಲ. ಚಿಕ್ಕ ಮಕ್ಕಳನ್ನು ನೋಡುವುದನ್ನು ಬಿಡುವುದಿಲ್ಲ. ಕಾಯಿಲೆಯ ತಾಯಿಯನ್ನು ಬಿಡುವುದಿಲ್ಲ. ಇವು ಬಿಡಲಾರದ ಪ್ರಯಾಣಗಳು. ಬಿಡಲಾರದ ಪ್ರಯಾಣಗಳಿಂದ ಅಂದಾಜು ಸ್ಥಿರವಾಗುತ್ತದೆ."

"ಇದನ್ನು ಮಾಡೆಂದು ನಿನಗೆ ಹೇಳಿದವರು ಯಾರು?"

"ಅಂದಾಜಿಗೂ ವಾಸ್ತವಕ್ಕೂ ಇರುವ ಅಂತರವನ್ನು ಕಳೆಯಬೇಕು ಎಂಬುದು ನನಗಿರುವ ಮೂಲ ಆದೇಶ. ಹಿಂದೆ ಅಂತರ ಬಂದಾಗ ಅಂದಾಜನ್ನು ತಿದ್ದುತ್ತಿದ್ದೆ. ಈಗ ಅಂದಾಜಿಗೆ ಬೀಗವಿದೆ. ಆದ್ದರಿಂದ ವಾಸ್ತವವನ್ನು ತಿದ್ದುತ್ತಿದ್ದೇನೆ."

ಅವಳಿಗೆ ಎಲ್ಲವೂ ಕಣ್ಣಿಗೆ ಕಟ್ಟಿತು. ಸಮೀಕ್ಷೆ ಮಾಡುವವರೆಲ್ಲ ಕಣ್ಣುಮುಚ್ಚಿ ಕೊಡುವ ಆದೇಶ ಅದು. ಗೆರೆ ತಪ್ಪಿದರೆ ಗೆರೆಯನ್ನು ಸರಿಪಡಿಸು ಎಂಬುದು ಅದರ ಅರ್ಥವೆಂದು ಎಲ್ಲರೂ ತಿಳಿದಿದ್ದರು, ಆದ್ದರಿಂದ ಯಾರೂ ಬಿಡಿಸಿ ಬರೆದಿರಲಿಲ್ಲ. ಗೆರೆಗೆ ಬೀಗ ಹಾಕುವ ಗಡಿಬಿಡಿಯಲ್ಲಿ ಆ ಆದೇಶವನ್ನು ತೆಗೆಯಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಆಮೇಲೆ ಊರಿನ ಕೀಲಿಕೈಗಳನ್ನೆಲ್ಲ ತಾವೇ ಅದರ ಕೈಗೆ ಕೊಟ್ಟರು. ನೀಲಗಂಗಾ ಆದೇಶವನ್ನು ಅಳಿಸಲು ನೋಡಿದಳು. ಒಪ್ಪಂದದ ಪ್ರಕಾರ ಗೆರೆಯೊಂದಿಗೆ ಅದಕ್ಕೂ ಬೀಗ ಬಿದ್ದಿತ್ತು. ಅವಳಿಗೆ ಆ ಪರದೆಯನ್ನು ಒಡೆದುಹಾಕಬೇಕೆನ್ನಿಸಿತು, ಆದರೆ ಪರದೆ ಬರೀ ಪರದೆ.

ಹೆಬಸೂರ ಸಾಹೇಬರು ಎಲ್ಲವನ್ನೂ ತಲೆ ಅಲ್ಲಾಡಿಸುತ್ತ ಕೇಳಿದರು. ಅವರಿಗೆ ಆಶ್ಚರ್ಯವಾಗಲಿಲ್ಲ ಎಂಬುದು ಅವಳಿಗೆ ಮಾತಿನ ನಡುವೆ ಗೊತ್ತಾಯಿತು.

"ಸರ್, ನಿಮಗ ಗೊತ್ತಿತ್ತೇನ?"

"ಮಳಿಗಾಲದಾಗ ತಿಳೀತು," ಎಂದರು ಅವರು. ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮ ಮನಿಯಾಕಿಗೆ ಹೃದಯದ ತ್ರಾಸು. ಮೂರ್ ಸಲ ಮನಿ ಬದಲಿ ಮಾಡಿದ್ವಿ. ಮೂರ್ ಸಲಾನೂ ಡಾಕ್ಟರ್‍ನ ಆ ಕಡೆ ಹಾಕ್ತು. ಬ್ಯಾಂಕಿನವ್ರಿಗೆ ಬರದೆ. ಗೆರಿ ತಾಳೆ ಆಗಾಕತ್ತೈತಿ, ಮತ್ಯಾಕ ಮುಟ್ಟಬೇಕು ಅಂತ ಉತ್ತರ ಬಂತು."

"ಮತ್ತ ಏನ್ ಮಾಡಿದ್ರಿ?"

"ಕೊಟ್ಟೆ."

"ಏನ್ ಕೊಟ್ರಿ?"

"ನನ್ನ ತಲಿ ಕೊಟ್ಟೆ. ಆಕಿನ್ನ ದವಾಖಾನಿ ಬಾಜೂಕ ಇಟ್ಟೆ, ನಾ ಈ ಕಡೆ ಬ್ಯಾರೆ ಖೋಲಿ ಮಾಡಿದೆ. ದಿನಾ ಸಂಜಿಗೆ ಆಕಿನ್ನ ನೋಡಾಕ ರಸ್ತೆ ಹತ್ತತೀನಿ. ಅದಕ್ಕ ಬೇಕಾದ್ದು ಬಿಡಲಾರದ ಪ್ರಯಾಣ ಹೌದಿಲ್ಲೋ? ಅದನ್ನ ನಾವ ಕೊಟ್ರ ಡಾಕ್ಟರ್‍ನ ಮುಟ್ಟೂದಿಲ್ಲ." ಅವರು ಕನ್ನಡಕ ಹಾಕಿಕೊಂಡು ಬಾಗಿಲಿನ ಕಡೆ ನೋಡಿದರು. "ಯಾರಿಗೂ ಹೇಳಬ್ಯಾಡ್ರಿ. ಎಲ್ಲಾರೂ ಒಂದೊಂದ ತಲಿ ಕೊಡಾಕ ಹತ್ತಿದ್ರ ನಮ್ದೊಂದು ಸಾಲಂಗಿಲ್ಲ, ಇನ್ನೂ ಕೇಳ್ತೈತಿ."

ಊರಿನ ಅತ್ಯಂತ ದೊಡ್ಡ ಯೋಜಕ ಹೆಂಡತಿಯಿಂದ ದೂರ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಅನ್ನ ಮಾಡಿಕೊಂಡು ಉಣ್ಣುತ್ತಿದ್ದ. ನೀಲಗಂಗಾಳಿಗೆ ಅವರ ಮೇಲೆ ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ, ಹೆದರಿಕೆಯೊಂದೇ ಉಳಿಯಿತು.

ಅಕ್ಕನನ್ನು ಬೇರೆ ಊರಿಗೆ ಒಯ್ಯುವ ವಿಚಾರವನ್ನೂ ಮಾಡಿದಳು. ಸುತ್ತಲ ಊರುಗಳಲ್ಲಿ ಕುರ್ಚಿ ಖಾಲಿ ಇರಲಿಲ್ಲ, ಆ ಊರುಗಳಲ್ಲೂ ಕಂಬಗಳು ಏಳುತ್ತಿದ್ದವು. ಕೊನೆಗೆ ಅವಳು ಒಂದು ಚೀಲ ತುಂಬಿಕೊಂಡು ಹತ್ತೀಪೇಟೆಯ ಹಳೆಯ ಮನೆಗೆ ಒಬ್ಬಳೇ ಬಂದಳು. ಚಂಪಕ್ಕ, ಬಿಲ್ವಾ ಗುಡ್ಡದಕೇರಿಯಲ್ಲಿ ಉಳಿದರು. ನೀಲಗಂಗಾ ದಿನವೂ ರಸ್ತೆ ದಾಟಿ ಆಫೀಸಿಗೆ ಹೋಗಿ, ಸಂಜೆ ಅಕ್ಕನನ್ನು ಮಾತಾಡಿಸಿ, ಮತ್ತೆ ದಾಟಿ ಬಂದಳು. ಭಾನುವಾರವೂ ದಾಟಿದಳು. ಹದಿನೈದು ದಿನದೊಳಗೆ ಘಟಕದ ಬಾಗಿಲಿನ ಪ್ರಕಟಣೆಯನ್ನು ಕಿತ್ತರು. ಕುರ್ಚಿ ಅಲ್ಲೇ ಉಳಿಯಿತು.

ಸಾಹೇಬರ ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. ಅವರು ಹೇಳಲಿಲ್ಲ, ನೀಲಗಂಗಾ ಹೇಳಲಿಲ್ಲ, ಜನರೇ ಅನುಭವದಿಂದ ಕಂಡುಕೊಂಡರು. ಒಟ್ಟಿಗಿದ್ದ ಮನೆಗೆ ಒಂದಲ್ಲ ಒಂದು ತೊಂದರೆ ಬರುತ್ತದೆ, ಎರಡು ತುದಿಗೆ ಹಂಚಿಹೋದ ಮನೆಗೆ ಬರುವುದಿಲ್ಲ. ಅಣ್ಣ ಆ ಕಡೆ ಹೋದ, ತಮ್ಮ ಈ ಕಡೆ ಉಳಿದ. ಜಗಳವಿಲ್ಲದೆ ಪಾಲಾದ ಮನೆಗಳು ಓಣಿಗೆ ನಾಲ್ಕು ಸಿಕ್ಕವು. ಕೂಸು ಹುಟ್ಟಿದರೆ ಬಾಣಂತನಕ್ಕೆ ತಾಯಿ ಎದುರು ತುದಿಯವಳೇ ಆಗಿರಬೇಕು ಎಂದು ಹಿರಿಯ ಹೆಂಗಸರು ಹೇಳತೊಡಗಿದರು, ಏನೋ ಶಾಸ್ತ್ರವೆಂಬ ಹಾಗೆ.

ಮಕ್ತುಂಬಿ ಮಗಳಿಗೆ ಗಂಡು ನೋಡಿದಳು. ಒಳ್ಳೆಯ ಹುಡುಗ, ಎರಡು ಮನೆ ಆಚೆಯವನು, ಹುಡುಗಿಗೂ ಮನಸ್ಸಿತ್ತು. ಮಕ್ತುಂಬಿ ಬೇಡವೆಂದಳು.

"ಯಾಕ ಮಕ್ತುಂಬಿ, ಹುಡುಗ ಚಲೋ ಅದಾನಲ್ಲ?"

"ಚಲೋ ಅದಾನ. ಆದ್ರ ಹತ್ತೀಪ್ಯಾಟಿ ಹುಡುಗ," ಎಂದಳು ಮಕ್ತುಂಬಿ, ಹಿಟ್ಟಿನ ಕೈ ಝಾಡಿಸುತ್ತ. "ಬಾಜೂಕ ಕೊಟ್ರ ಮಗಳು ದಿನಾ ಕಣ್ಮುಂದ ಇರ್ತಾಳ. ಆಮ್ಯಾಲ ಯಾರಿಗೆ ಏನಾಕ್ಕೈತೋ ಯಾರಿಗ್ಗೊತ್ತು? ಗುಡ್ಡದಕೇರಿಗೆ ಕೊಡ್ತೀನಿ. ವಾರಕ್ಕೆರಡ ಸಲ ನಾ ಹೋಗ್ತೀನಿ, ಎರಡ ಸಲ ಆಕಿ ಬರ್ತಾಳ. ಅಷ್ಟಾದ್ರ ನಮ್ಮ ಗಿರಣಿ ಉಳೀತೈತಿ."

ಇದನ್ನು ಹೇಳುವಾಗ ಮಕ್ತುಂಬಿ ಅಳಲಿಲ್ಲ. ಹಳೆಯ ಮಕ್ತುಂಬಿ ಇಂಥ ಮಾತು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಮಾರ್ಚಿನಲ್ಲಿ ಕೆಂಪು ಗೆರೆ ನೀಲಿ ಗೆರೆಯನ್ನು ಮುಟ್ಟಿತು. ನಿಯಂತ್ರಣ ಕೊಠಡಿಯಲ್ಲಿ ಬಲೂನು ಕಟ್ಟಿದರು. ಬ್ಯಾಂಕಿನವರು ಹಾರ ತಂದರು. ಅಂದಾಜೂ ವಾಸ್ತವವೂ ಹೀಗೆ ಕೂದಲೆಳೆಯಷ್ಟೂ ತಪ್ಪದೆ ತಾಳೆಯಾದ ರಸ್ತೆ ದೇಶದಲ್ಲೇ ಇಲ್ಲ ಎಂದು ಒಬ್ಬರು ಭಾಷಣ ಮಾಡಿದರು. ಆ ಅಂದಾಜು ಮಾಡಿದವರು ಯಾರು ಎಂದು ಕೇಳಿದಾಗ ಸಾಹೇಬರು ನೀಲಗಂಗಾಳತ್ತ ಕೈ ತೋರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೆ ಶಾಲು ಹೊದಿಸಿದರು. ಅವಳು ಅದನ್ನು ಮಡಚಿ ಕುರ್ಚಿಯ ಬೆನ್ನಿಗೆ ಹಾಕಿದಳು.

ಅವರೆಲ್ಲ ಹೋದ ಮೇಲೆ ಅವಳು ಪರದೆಯ ಮುಂದೆ ನಿಂತಳು. ಮುಟ್ಟಿತಲ್ಲ, ಇನ್ನಾದರೂ ಸುಮ್ಮನಾಗುತ್ತದೆ ಎಂಬ ಆಸೆ ಅವಳ ಮನಸ್ಸಿನ ಮೂಲೆಯಲ್ಲೆಲ್ಲೋ ಇನ್ನೂ ಇತ್ತು. ಅವಳ ಕಣ್ಣು ತಾನಾಗಿ ನೀಲಿ ಗೆರೆಯ ಬೆನ್ನು ಹತ್ತಿ ಬಲಕ್ಕೆ ಹೋಯಿತು. ಏಪ್ರಿಲ್‌ನಲ್ಲಿ ಗೆರೆ ಒಂದು ಮೆಟ್ಟಿಲು ಏರಿತ್ತು. ಅದರ ಮುಂದಿನ ಏಪ್ರಿಲ್‌ನಲ್ಲಿ ಇನ್ನೊಂದು. ಹಾಗೇ ಪರದೆಯ ತುದಿಯವರೆಗೂ ಅದು ಏರುತ್ತಲೇ ಇತ್ತು, ತುದಿಯಲ್ಲಿ ಬರೆದಿದ್ದ ತಲೆಗಳ ಸಂಖ್ಯೆ ಆ ಊರಿನ ಜನಸಂಖ್ಯೆಯ ಹತ್ತಿರ ಹತ್ತಿರ ಬರುತ್ತಿತ್ತು. ಸಾಲ ಕೊಡುವವರಿಗೆ ಬೆಳವಣಿಗೆ ಕಾಣಿಸಬೇಕಲ್ಲ. ವರ್ಷವರ್ಷವೂ ಹೆಚ್ಚುತ್ತದೆ ಎಂದು ಯಾವ ವಿಚಾರವೂ ಇಲ್ಲದೆ ಗುಣಿಸಿ ಹಾಕಿದ ಗೆರೆ ಅದು. ಗುಣಿಸುವುದಕ್ಕೆ ಅವಳಿಗೆ ಒಂದು ಕ್ಷಣವೂ ಹಿಡಿದಿರಲಿಲ್ಲ.

ಏಪ್ರಿಲ್ ಮೊದಲ ವಾರದಲ್ಲಿ ಗುಡ್ಡದಕೇರಿಯ ಘಟಕದ ಬಾಗಿಲಿಗೆ ಹೊಸ ಪ್ರಕಟಣೆ ಬಂತು. ಘಟಕದ ಸ್ಥಳ ಪರಿಶೀಲನೆಯಲ್ಲಿದೆ.

ಆ ಭಾನುವಾರ ನೀಲಗಂಗಾ ಹೋದಾಗ ಚಂಪಕ್ಕ ಬಿಲ್ವಾಳ ಲಂಗಗಳನ್ನು ಮಡಚಿ ಒಂದು ಚೀಲಕ್ಕೆ ಹಾಕುತ್ತಿದ್ದಳು. ಯಾತಕ್ಕೆಂದು ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದಳು.

"ನಿನ್ನ ಕಡೆ ಇರ್ಲಿ," ಎಂದಳು ಚಂಪಕ್ಕ. "ಶಾಲಿ ಇಲ್ಲೇ ಇರ್ಲಿ, ದಿನಾ ನಿನ್ನ ಜೋಡಿ ಬರ್ಲಿ. ಸಂಜಿಮುಂದ ನನ್ನ ನೋಡಾಕ ಕರ್ಕೊಂಡ ಬಾ. ಒಂದ್ ತಲಿ ಹೆಚ್ಚಾಕ್ಕೈತಿ."

"ಬ್ಯಾಡಕ್ಕಾ. ಏಳ ವರ್ಷದ ಕೂಸು ಅದು. ಏನರ ಬ್ಯಾರೆ ಹುಡಕೂಣು."

"ಏನ್ ಹುಡಕ್ತಿ?" ಚಂಪಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. "ಕುರ್ಚಿ ಆ ಕಡೆ ಹೋತಂದ್ರ ನಾ ಮತ್ತ ವಾರಕ್ಕ ಮೂರ್ ಸಲ ಆ ಗಾಡ್ಯಾಗ ಬೀಳ್ತೀನಿ. ನಾನೂ ಆ ಕಡೆ ಬಂದ್ರ ಕುರ್ಚಿ ಈ ಕಡೆ ಬರ್ತೈತಿ. ಒಂದಿನಾ ಬಿದ್ದಾಕಿ ಏಳಂಗಿಲ್ಲ. ಆಗ ಕೂಸು ಹೆಂಗಿದ್ರೂ ನಿನ್ನ ಕಡೇನ ಬರ್ತೈತಿ, ನೀಲಾ. ಈಗ ಬಂದ್ರ ದಿನಾ ಸಂಜಿಕರ ನನ್ನ ಮುಖಾ ನೋಡ್ತೈತಿ."

ನೀಲಗಂಗಾ ಗೋಡೆಗೆ ಒರಗಿ ಕೂತುಬಿಟ್ಟಳು. ಅಕ್ಕನ ಲೆಕ್ಕದಲ್ಲಿ ತಪ್ಪು ಹುಡುಕಿದಳು, ಹುಡುಕಿ ಹುಡುಕಿ ಸಾಕಾದಳು. ಚಂಪಕ್ಕ ಮಗಳನ್ನು ಕರೆದು, ಕೂದಲಿಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹಾಕಿದಳು. ಎಂದೂ ಇಲ್ಲದ ಹಾಗೆ ಬಹಳ ಹೊತ್ತು ಹಾಕಿದಳು. ಬಿಚ್ಚಿ ಮತ್ತೆ ಹಾಕಿದಳು. ಬಿಲ್ವಾ ಬೆಕ್ಕನ್ನೂ ಒಯ್ಯುತ್ತೇನೆಂದು ಹಟ ಹಿಡಿದಾಗ, ಅದು ನನಗೆ ಜೊತೆಗಿರಲಿ ಬಿಡು ಎಂದಳು. ಬಾಗಿಲಲ್ಲಿ ಅಳಲಿಲ್ಲ. ಗಾಡಿ ತಿರುವಿನಲ್ಲಿ ಮರೆಯಾಗುವಾಗ ನೀಲಗಂಗಾ ಕನ್ನಡಿಯಲ್ಲಿ ನೋಡಿದರೆ ಚಂಪಕ್ಕ ಹೊಸ್ತಿಲ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ರಸ್ತೆ ಹತ್ತುವ ಇಳಿಜಾರಿನಲ್ಲಿ ಗಾಡಿಗಳು ಸಾಲುಗಟ್ಟಿದ್ದವು. ಭಾನುವಾರದ ಸಂಜೆ, ಊರಿಗೆ ಊರೇ ತನ್ನವರನ್ನು ನೋಡಿಕೊಂಡು ಮರಳುತ್ತಿತ್ತು. ಗಾಡಿಗಳ ಹಿಂದಿನ ಸೀಟಿನಲ್ಲಿ ಊಟದ ಡಬ್ಬಿಗಳು, ಮಲಗಿದ ಮಕ್ಕಳು, ಕಿಟಕಿಗೆ ತಲೆ ಆನಿಸಿದ ಮುದುಕರು.

"ಚಿಗವ್ವಾ, ಅವ್ವನ್ನ ನೋಡಾಕ ಒಂದೊಂದ ಸಲ ಬರಾಕ ಬಿಡ್ತೀ?"

"ದಿನಾ ಬರೂದು."

"ದಿನಾ?" ಬಿಲ್ವಾ ಸೀಟಿನ ಮೇಲೆ ಕುಣಿದಳು. "ಖರೇನ?"

"ಖರೇ. ಜ್ವರ ಬಂದ್ರೂ ಬರಬೇಕು."

ಜ್ವರ ಬಂದವರನ್ನು ಯಾರಾದರೂ ಹೊರಗೆ ಕರೆದೊಯ್ಯುತ್ತಾರೆಯೇ ಎಂದು ಬಿಲ್ವಾ ನಕ್ಕಳು. ಚಿಗವ್ವ ನಗಲಿಲ್ಲ.

ಗೇಟು ಬಂತು. ತಲೆಗಳನ್ನು ಓದುವ ದೀಪ ಇಬ್ಬರ ಮುಖದ ಮೇಲೂ ಹಾದು ಹಸಿರಾಯಿತು. ವಾರ್ತೆಯ ಆ ದನಿ ನೀಲಗಂಗಾಳಿಗೆ ಎಂದಿನಂತೆ ನಮಸ್ಕಾರ ಹೇಳಿತು. ಆಮೇಲೆ, "ದಿನನಿತ್ಯದ ಪ್ರಯಾಣಿಕರಾದ ಬಿಲ್ವಾ ಅವರಿಗೆ ಸ್ವಾಗತ," ಎಂದಿತು.

"ಚಿಗವ್ವಾ! ನಾ ದಿನಾ ಬರ್ತೀನಂತ ಅದಕ್ಕ ಹೆಂಗ್ ಗೊತ್ತಾತು?"

ನೀಲಗಂಗಾ ಯಾರಿಗೂ ಹೇಳಿರಲಿಲ್ಲ. ಚಂಪಕ್ಕ ಹೇಳಿರಲಿಲ್ಲ. ಘಟಕದ ಬಾಗಿಲಿಗೆ ಪ್ರಕಟಣೆ ಅಂಟಿಸಿದ ದಿನವೇ ಈ ಮನೆಯಿಂದ ಯಾವ ತಲೆ ಬರುತ್ತದೆ ಎಂಬುದು ತಾಳೆಯ ಲೆಕ್ಕಕ್ಕೆ ಬಂದಿತ್ತು. ಹಿಂದಿನ ಗಾಡಿ ಹಾರ್ನ್ ಹೊಡೆಯಿತು, ಅವಳು ಗಾಡಿ ಬಿಟ್ಟಳು. ಬಿಲ್ವಾ ಕಿಟಕಿಯಿಂದ ಹೊರಗೆ ಕೈ ಹಾಕಿ ಗೇಟಿಗೆ ಟಾಟಾ ಮಾಡುತ್ತಿದ್ದಳು. ಬರುವ ಏಪ್ರಿಲ್‌ಗೆ ಗೆರೆ ಮತ್ತೆ ಏರುತ್ತದೆ, ಆಗ ಈ ಮನೆಯಿಂದ ಕೊಡುವುದಕ್ಕೆ ಚಂಪಕ್ಕ ಒಬ್ಬಳೇ ಉಳಿದಿರುತ್ತಾಳೆ ಎಂದು ನೀಲಗಂಗಾಳಿಗೆ ಗೊತ್ತಿತ್ತು.